ದೂರ ಪ್ರಯಾಣವೂ ಕ್ರೆಡಿಟ್ ಕಾರ್ಡೂ

ದೂರದೇಶಕ್ಕೆ ಹೊರಟವನಿಗೆ ಹಣವಿಲ್ಲದೆ ನಡೆಯದು. ಆದರೆ ಹಣದ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುವುದೂ ಅಪಾಯಕರವೇ. ಈ ತೊಡಕಿಗೆ ನಮ್ಮ ದೇಶದ ವರ್ತಕರು ಬಹು ಹಿಂದೆಯೇ ಹುಂಡಿಯೆಂಬ ಉಪಾಯವನ್ನು ಕಂಡುಕೊಂಡಿದ್ದರು. ಒಂದು ಊರಿನ ಸಾಹುಕಾರನಲ್ಲಿ ಹಣ ಕಟ್ಟಿ, ಅವನು ಬರೆದುಕೊಟ್ಟ ಹುಂಡಿಯನ್ನು ಒಯ್ದರೆ, ಬೇರೊಂದು ಊರಿನಲ್ಲಿದ್ದ ಅವನ ಪ್ರತಿನಿಧಿಯು ಅದನ್ನು ಪರೀಕ್ಷಿಸಿ ಹಣ ನೀಡುತ್ತಿದ್ದನು. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯು ಹೊರತಂದ ಪ್ರವಾಸಿ ಚೆಕ್ಕೂ ಹೆಚ್ಚುಕಡಿಮೆ ಇದೇ ಬಗೆಯದು. ಕೊಳ್ಳುವಾಗ ಒಂದು ರುಜು, ಖರ್ಚು ಮಾಡುವಾಗ ಮತ್ತೊಂದು ರುಜು. ಎರಡೂ ಹೊಂದಿದರೆ ಮಾತ್ರ ಹಣ.

1950ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರಂಭವಾದ ಡೈನರ್ಸ್ ಕ್ಲಬ್ ಈ ಕ್ರಮವನ್ನು ತಲೆಕೆಳಗು ಮಾಡಿತು. ಅದರ ಸದಸ್ಯರು ಕಾರ್ಡನ್ನು ತೋರಿಸಿ ಊಟ ಮಾಡಿ, ಹಣವನ್ನು ಅನಂತರ ಸಲ್ಲಿಸಬಹುದಾಗಿತ್ತು. ಎಂಟು ವರ್ಷಗಳ ತರುವಾಯ ಕ್ಯಾಲಿಫೋರ್ನಿಯಾದ ಬ್ಯಾಂಕ್ ಆಫ್ ಅಮೆರಿಕಾ ತನ್ನದೇ ಕಾರ್ಡನ್ನು ಹೊರಡಿಸಿ, ಬಾಕಿಯನ್ನು ಬಡ್ಡಿಯೊಡನೆ ಸ್ವಲ್ಪ ಸ್ವಲ್ಪವಾಗಿ ತೀರಿಸುವ ಸೌಕರ್ಯವನ್ನೂ ಒದಗಿಸಿತು. ಮುಂದೆ ವೀಸಾ ಎಂದು ಹೆಸರಾದುದು ಈ ಕಾರ್ಡೇ. ಹುಂಡಿ ಒಯ್ದವನು ತನ್ನ ಹಣವನ್ನೇ ಖರ್ಚು ಮಾಡುತ್ತಿದ್ದನು. ಕ್ರೆಡಿಟ್ ಕಾರ್ಡ್ ಒಯ್ಯುವವನು ಬ್ಯಾಂಕಿನ ಹಣವನ್ನು ಖರ್ಚು ಮಾಡುತ್ತಾನೆ. ಅದು ಸಾಲವೆಂಬುದನ್ನು ಮರೆತವನಿಗೆ ಯಾವ ಕಾರ್ಡೂ ಒಳ್ಳೆಯದಲ್ಲ.

ಕರ್ನಾಟಕದಿಂದ ಜಪಾನಿಗೆ ಹೊರಟ ಪ್ರವಾಸಿಯೊಬ್ಬನನ್ನು ಊಹಿಸೋಣ. ಅಲ್ಲಿಯ ಅಂಗಡಿಯವನು ಬೆಲೆಯನ್ನು ಯೆನ್ನಿನಲ್ಲಿ ಹೇಳುತ್ತಾನೆ. ಪ್ರವಾಸಿಯ ಬ್ಯಾಂಕು ಅದನ್ನು ರೂಪಾಯಿಗೆ ಪರಿವರ್ತಿಸಿ ಲೆಕ್ಕಕ್ಕೆ ಬರೆಯುತ್ತದೆ. ಈ ಪರಿವರ್ತನೆಗೆ ಬ್ಯಾಂಕು ಶುಲ್ಕ ವಿಧಿಸುತ್ತದೆ. ಶುಲ್ಕದ ಮೇಲೆ ನೂರಕ್ಕೆ 18ರಂತೆ ತೆರಿಗೆಯೂ ಸೇರುತ್ತದೆ. ಅವನ ಮುಂದೆ ಎರಡು ಕಾರ್ಡುಗಳಿವೆಯೆನ್ನೋಣ. ಮೊದಲನೆಯದಕ್ಕೆ ವಾರ್ಷಿಕ ಶುಲ್ಕವಿಲ್ಲ, ಪರಿವರ್ತನೆಯ ಶುಲ್ಕ ನೂರಕ್ಕೆ 3.5. ಎರಡನೆಯದಕ್ಕೆ ವಾರ್ಷಿಕ ಶುಲ್ಕ 1,000 ರೂಪಾಯಿ, ಪರಿವರ್ತನೆಯ ಶುಲ್ಕ ನೂರಕ್ಕೆ 2. ಅವನು 50,000 ರೂಪಾಯಿ ಖರ್ಚು ಮಾಡಿದರೆ ತೆರಿಗೆಯೂ ಸೇರಿ ಮೊದಲನೆಯದಕ್ಕೆ 2,065 ರೂಪಾಯಿ, ಎರಡನೆಯದಕ್ಕೆ 2,360 ರೂಪಾಯಿ ತೆರಬೇಕಾಗುತ್ತದೆ. ಖರ್ಚು ಎರಡು ಲಕ್ಷಕ್ಕೇರಿದರೆ ಲೆಕ್ಕವು ತಿರುಗಿಬೀಳುತ್ತದೆ: ಮೊದಲನೆಯದಕ್ಕೆ 8,260, ಎರಡನೆಯದಕ್ಕೆ 5,900. ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿ, ಬಹುಮಾನದ ಅಂಕಗಳು ಮುಂತಾದ ಆಕರ್ಷಣೆಗಳನ್ನು ಜಾಹೀರಾತುಗಳು ದೊಡ್ಡ ಅಕ್ಷರಗಳಲ್ಲಿ ಸಾರುತ್ತವೆ. ಮೇಲಿನ ಲೆಕ್ಕವನ್ನಾದರೋ ಪ್ರವಾಸಿಯು ತಾನೇ ಹಾಕಿಕೊಳ್ಳಬೇಕು.

ವಿದೇಶದ ಅಂಗಡಿಯಲ್ಲಿ ಮತ್ತೊಂದು ಪ್ರಶ್ನೆ ಎದುರಾಗುವುದುಂಟು. “ರೂಪಾಯಿಯಲ್ಲಿ ಕೊಡುವಿರಾ, ಇಲ್ಲಿಯ ನಾಣ್ಯದಲ್ಲಿ ಕೊಡುವಿರಾ?” ಎಂದು ಯಂತ್ರವೇ ಕೇಳುತ್ತದೆ. ಪರಿಚಿತವಾದ ರೂಪಾಯಿಯತ್ತ ಮನಸ್ಸು ವಾಲುವುದು ಸಹಜ. ಆದರೆ ಹಾಗೆ ಒಪ್ಪಿದೊಡನೆ ವಿನಿಮಯದ ದರವನ್ನು ಗೊತ್ತುಪಡಿಸುವವರು ಅಂಗಡಿಯ ಕಡೆಯವರು. ಅವರ ಲಾಭಾಂಶ ಅದರಲ್ಲಿ ಅಡಗಿರುತ್ತದೆ. ಸಾಲದುದಕ್ಕೆ ನಮ್ಮ ಕೆಲವು ಬ್ಯಾಂಕುಗಳು ಇಂಥ ವ್ಯವಹಾರಕ್ಕೂ ಶುಲ್ಕ ವಿಧಿಸುತ್ತವೆ. ಆದುದರಿಂದ ಸ್ಥಳೀಯ ನಾಣ್ಯವನ್ನೇ ಆರಿಸುವುದು ಲೇಸು.

ಜಪಾನಿನ ಕೆಲವು ಸಣ್ಣ ಉಪಾಹಾರಗೃಹಗಳಲ್ಲಿ ನಗದು ಮಾತ್ರ ನಡೆಯುತ್ತದೆ. ನಗದು ಬೇಕೆಂದು ಕ್ರೆಡಿಟ್ ಕಾರ್ಡನ್ನು ಎಟಿಎಂ ಯಂತ್ರಕ್ಕೆ ತೂರಿಸಬಾರದು. ಸಾಮಾನು ಕೊಂಡ ಹಣವನ್ನು ಗಡುವಿನೊಳಗೆ ಪೂರ್ತಿ ಸಲ್ಲಿಸಿದರೆ ಬಡ್ಡಿಯಿಲ್ಲ. ತೆಗೆದ ನಗದಿಗಾದರೋ ಸಾಮಾನ್ಯವಾಗಿ ಅಂದಿನಿಂದಲೇ ಬಡ್ಡಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗೂ ಮಿಗಿಲಾಗಿ ಬಡ್ಡಿ ಹಾಕುವ ಕಾರ್ಡುಗಳು ನಮ್ಮಲ್ಲಿ ಹಲವಿವೆ. ಹಳ್ಳಿಯ ಲೇವಾದೇವಿಗಾರನನ್ನು ನೆನಪಿಗೆ ತರುವ ದರವಿದು! ಇಂಥ ಸಂದರ್ಭಕ್ಕೆ ಉಳಿತಾಯ ಖಾತೆಯ ಡೆಬಿಟ್ ಕಾರ್ಡಾಗಲಿ, ಮೊದಲೇ ಹಣ ತುಂಬಿದ ವಿದೇಶಿ ವಿನಿಮಯ ಕಾರ್ಡಾಗಲಿ ಮೇಲು. ಹೋಟೆಲಿನ ಮುಂಗಡಕ್ಕೆ ಮಾತ್ರ ಕ್ರೆಡಿಟ್ ಕಾರ್ಡೇ ಅನುಕೂಲ. ಹೋಟೆಲಿನವರು ಕೊಠಡಿ ಕೊಡುವಾಗ ಒಂದಿಷ್ಟು ಮೊತ್ತವನ್ನು ಕಾದಿರಿಸುತ್ತಾರೆ. ಡೆಬಿಟ್ ಕಾರ್ಡಾದರೆ ಅಷ್ಟು ದಿನ ಪ್ರವಾಸಿಯ ಸ್ವಂತ ಹಣವೇ ಕೈಗೆ ಸಿಗದೆ ಉಳಿಯುತ್ತದೆ.

ಆಯ್ಕೆ ಸರಿಯಾಗಿದ್ದೂ ಕಾರ್ಡು ಪರದೇಶದಲ್ಲಿ ಕೈಕೊಡಬಹುದು. 2020ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಜಾರಿಗೆ ತಂದ ನಿಯಮದಂತೆ, ಹೊಸದಾಗಿ ಕೊಟ್ಟ ಕಾರ್ಡು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತದೆ. ವಿದೇಶದ ಬಳಕೆಯನ್ನು ಒಡೆಯನೇ ಬ್ಯಾಂಕಿಗೆ ತಿಳಿಸಿ ತೆರೆಯಿಸಿಕೊಳ್ಳಬೇಕು. ಮಿತಿಯನ್ನೂ ತಾನೇ ಗೊತ್ತುಪಡಿಸಬಹುದು. ಇದನ್ನರಿಯದವನು ರಾತ್ರಿಯ ಹೊತ್ತಿನಲ್ಲಿ, ಭಾಷೆ ತಿಳಿಯದ ಊರಿನ ಹೋಟೆಲಿನ ಮುಂದೆ, ಬೇಡವಾದ ಕಾರ್ಡನ್ನು ಹಿಡಿದು ನಿಲ್ಲಬೇಕಾದೀತು. ಬೇರೆ ಬೇರೆ ಬ್ಯಾಂಕುಗಳ ಎರಡು ಕಾರ್ಡುಗಳನ್ನು ಬೇರೆ ಬೇರೆ ಚೀಲಗಳಲ್ಲಿ ಒಯ್ಯುವುದು ಅನುಭವಿಗಳ ರೂಢಿ. ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಮಾತ್ರ ಅವರು ಕಾರ್ಡಿನೊಡನೆ ಇಡದೆ ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುತ್ತಾರೆ. ಕಾರ್ಡು ಕಳೆದುಹೋದ ಗಳಿಗೆಯಲ್ಲಿ ಮೊದಲು ಬೇಕಾಗುವುದು ಅದೇ.