ಬಿದಿರಿನ ಫ್ಲೈ ರಾಡ್ ಪಾಲಿಗೆ ಬಂದವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮಾವನವರು ಕೊಟ್ಟದ್ದಿರಲಿ, ಎಸ್ಟೇಟ್ ಬಂಗಲೆಯ ಅಟ್ಟದಲ್ಲಿ ಸಿಕ್ಕಿದ್ದಿರಲಿ, ಹಳೆಯ ಬಿದಿರಿನ ಫ್ಲೈ ರಾಡಿಗೆ ನಿಯಮ ಒಂದೇ. ಇಂಥ ಕೋಲು ಮೀನಿನ ಎಳೆತಕ್ಕೆ ಮುರಿಯುವುದು ಅಪರೂಪ. ಕಾರಿನ ಬಾಗಿಲು, ಸೀಲಿಂಗ್ ಫ್ಯಾನು, ಒದ್ದೆ ಇರುವಾಗಲೇ ಮುಚ್ಚಳ ಬಿಗಿದ ಕೊಳವೆ, ವಾರ್ನಿಷ್ ಡಬ್ಬಿ ಹಿಡಿದು ಬಂದ ಉತ್ಸಾಹಿ ಮೊಮ್ಮಗ, ಇವರ ಕೈಲೇ ಹೆಚ್ಚು ಹಾಳಾಗುತ್ತದೆ.

ಇದು ಇಡೀ ಬಿದಿರಲ್ಲ. ಬಿದಿರನ್ನು ಸೀಳಿ, ತ್ರಿಕೋನವಾಗಿ ಹೆರೆದ ಆರು ಪಟ್ಟಿಗಳನ್ನು ಅಂಟಿಸಿ ಮಾಡಿದ ಆರು ಮೂಲೆಯ ಕಡ್ಡಿ. ಮೊದಮೊದಲು ಅಮೆರಿಕದ ಕುಶಲಿಗರು ನಮ್ಮ ಕಡೆಯಿಂದ ಹೋದ ‘ಕಲ್ಕತ್ತಾ’ ಬಿದಿರು ಬಳಸುತ್ತಿದ್ದರು. ಆಮೇಲೆ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಟಾಂಕಿನ್ ಬಿದಿರು ಆ ಜಾಗ ಹಿಡಿಯಿತು. 1950ರಲ್ಲಿ ಅಮೆರಿಕ ಚೀನಾದ ಸರಕಿಗೆ ತಡೆ ಹಾಕಿದ ಮೇಲೆ ಟಾಂಕಿನ್ ಬರುವುದು ನಿಂತು, ಫೈಬರ್‌ಗ್ಲಾಸ್ ಮೆರೆಯಿತು. ಹಳೆಯ ಕೋಲುಗಳ ಅಂಟು ಪ್ರಾಣಿಗಳ ಚರ್ಮ ಕಾಯಿಸಿ ತೆಗೆದದ್ದು. ಬಿಸಿಯೂ ತೇವವೂ ಕೂಡಿದರೆ ಬೆಲ್ಲದಂತೆ ಕರಗುತ್ತದೆ. ಕೆಳಗಿನ ಅರ್ಧ ನಿಯಮಗಳಿಗೆ ಕಾರಣ ಈ ಅಂಟು.

ಮಾಡಬಾರದ್ದು

ತಿರುಚಬೇಡಿ. ಒಂದೇ ನಿಯಮ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ತುಂಡುಗಳು ಕೂಡುವಲ್ಲಿ ಇರುವ ಲೋಹದ ಫೆರೂಲನ್ನು ಸ್ಕ್ರೂ ಬಿಚ್ಚುವಂತೆ ತಿರುಗಿಸಿದರೆ ಆರು ಪಟ್ಟಿಗಳ ಅಂಟು ಒಳಗೇ ಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಲೈನ್ ಹಾಯುವ ರಿಂಗುಗಳನ್ನು ಮೊದಲೇ ಒಂದೇ ಸಾಲಿಗೆ ತಂದುಕೊಂಡು, ಎರಡೂ ಕೈಗಳನ್ನು ಹತ್ತಿರ ಹಿಡಿದು, ನೇರವಾಗಿ ಒತ್ತಿ. ಬಿಚ್ಚುವಾಗ ಕೈಗಳನ್ನು ತುಸು ದೂರ ಇಟ್ಟು ನೇರವಾಗಿ ಎಳೆಯಿರಿ. ಬರದಿದ್ದರೆ ಕೋಲನ್ನು ಮಂಡಿಗಳ ಹಿಂದೆ ಅಡ್ಡ ಹಿಡಿದು, ಕೈಗಳನ್ನು ಮಂಡಿಗಳ ಹೊರಬದಿಗೆ ಒತ್ತಿಟ್ಟು, ಮಂಡಿಗಳನ್ನು ಅಗಲಿಸಿ. ನೋಡುವವರು ನಕ್ಕರೆ ನಗಲಿ. ಆಗಲೂ ಬರದಿದ್ದರೆ ಇನ್ನೊಬ್ಬರನ್ನು ಕರೆಯಿರಿ. ಇಕ್ಕಳ ಮುಟ್ಟಬೇಡಿ, ಬೆಂಕಿ ಹತ್ತಿರ ಹಿಡಿಯಬೇಡಿ.

ಫೆರೂಲಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಅದು ಧೂಳು ಹಿಡಿಯುತ್ತದೆ, ಧೂಳು ಲೋಹವನ್ನು ತೇಯುತ್ತದೆ. ಸ್ಪಿರಿಟ್ ತೊಟ್ಟಿಕ್ಕಿದ ಹತ್ತಿಯಿಂದ ಲೋಹವನ್ನಷ್ಟೇ ಒರೆಸಿ. ಸ್ಪಿರಿಟ್ ವಾರ್ನಿಷಿಗೆ ತಾಗಕೂಡದು.

ಮನೆಗೆ ಬಂದವರ ಮುಂದೆ ತುದಿಯನ್ನು ಸೂರಿಗೊತ್ತಿ ಬಗ್ಗಿಸಿ ತೋರಿಸಬೇಡಿ. ಫ್ಯಾನು ತಿರುಗುವ ಕೋಣೆಯಲ್ಲಿ ಜೋಡಿಸಲೇಬೇಡಿ.

ಗಾಳ ಪೊದೆಗೋ ಬಂಡೆಗೋ ಸಿಕ್ಕಿದಾಗ ಕೋಲಿನಿಂದ ಜಗ್ಗಬೇಡಿ. ಕೋಲಿನ ಮೂತಿಯನ್ನು ಗಾಳದ ಕಡೆಗೆ ನೇರ ಮಾಡಿ, ಲೈನನ್ನು ಕೈಯಿಂದ ಎಳೆಯಿರಿ. ಹೋದರೆ ಒಂದು ಫ್ಲೈ ಹೋಗುತ್ತದೆ. ಸೀಸದ ಗುಂಡು, ಭಾರದ ಫ್ಲೈ ಇದಕ್ಕೆ ಬೇಡ. ಮೀನು ಹತ್ತಿರ ಬಂದಾಗ ಕೋಲನ್ನು ನೆಟ್ಟಗೆ ಎತ್ತಬೇಡಿ, ತೆಳ್ಳನೆಯ ತುದಿ ಮುರಿಯುವುದು ಆಗಲೇ. ಕೋಲು ವಾರೆಯಾಗಿರಲಿ, ಬಲೆ ಕೆಳಗೆ ಬರಲಿ.

ವಾರ್ನಿಷ್ ಬಳಿಯಬೇಡಿ, ಉಪ್ಪುಕಾಗದ ಉಜ್ಜಬೇಡಿ, ಬಣ್ಣ ಮಾಸಿದ ರೇಷ್ಮೆ ದಾರದ ಸುತ್ತು ಬಿಚ್ಚಬೇಡಿ. ಹಿಡಿಯ ಮೇಲ್ಗಡೆ ಶಾಯಿಯಲ್ಲಿ ಬರೆದ ತಯಾರಕರ ಹೆಸರು ಇದ್ದರೆ ಒಂದು ಉಜ್ಜಿಗೆ ಅದು ಅಳಿಸಿಹೋಗುತ್ತದೆ. ಲೆನರ್ಡ್, ಪೇನ್, ಗ್ಯಾರಿಸನ್ ಇವರ ಕೋಲಾದರೆ ನೀವು ಅಳಿಸಿದ್ದು ದುಡ್ಡನ್ನೇ. 1940ರ ದಶಕದ ನಂತರದ ಎಷ್ಟೋ ಆರ್ವಿಸ್ ಕೋಲುಗಳಲ್ಲಿ ಬಿದಿರಿಗೇ ಬೇಕಲೈಟ್ ರಾಳ ಇಳಿಸಿರುತ್ತಾರೆ. ಅವಕ್ಕೆ ವಾರ್ನಿಷ್ ಬೇಕೇ ಇಲ್ಲ.

ಮಾಡಬೇಕಾದ್ದು

ಮೊದಲು ತುಂಡುಗಳನ್ನು ಅಳೆಯಿರಿ. ಸಾಮಾನ್ಯವಾಗಿ ಎಲ್ಲವೂ ಒಂದೇ ಉದ್ದ ಇರುತ್ತವೆ. ತುದಿಯೊಂದು ಗಿಡ್ಡವಾಗಿದ್ದರೆ ಹಿಂದೆಂದೋ ಮುರಿದು, ರಿಂಗು ಮತ್ತೆ ಕೂರಿಸಿದ್ದಾರೆ ಎಂದರ್ಥ. ಬಳಸಲು ಅಡ್ಡಿಯಿಲ್ಲ, ಬೆಲೆ ಮಾತ್ರ ಇಳಿಯುತ್ತದೆ. ಕೋಟಿ ಕನಸು ಬೇಡ. ಅಮೆರಿಕದಲ್ಲಿ ಮಾಂಟೇಗ್ಯೂನಂಥ ಕಾರ್ಖಾನೆಗಳು ರಾಶಿಗಟ್ಟಲೆ ಕೋಲು ಮಾಡಿ ಅಗ್ಗಕ್ಕೆ ಮಾರಿದ್ದವು. ಎರಡನೇ ಮಹಾಯುದ್ಧದ ನಂತರ ಸೈನಿಕರು ಜಪಾನಿನಿಂದ ಚೆಂದದ ಮರದ ಪೆಟ್ಟಿಗೆಯಲ್ಲಿ ತಂದ ಕೋಲುಗಳಲ್ಲಿ ಹೆಚ್ಚಿನವು ಗೋಡೆಗೆ ತೂಗುಹಾಕಲು ಲಾಯಕ್ಕು.

ಸರಿಯಾದ ಲೈನ್ ಹಾಕಿ. ಹಳೆಯ ಕೋಲಿನ ಮೇಲೆ ‘ಎಚ್‌ಡಿಎಚ್’ ಎಂಬಂಥ ಅಕ್ಷರಗಳಿದ್ದರೆ ಅದು ರೇಷ್ಮೆ ಲೈನಿನ ದಪ್ಪದ ಗುರುತು. ಇಂದಿನ ಲೆಕ್ಕದಲ್ಲಿ 5 ಅಥವಾ 6ನೇ ನಂಬರಿಗೆ ಹತ್ತಿರ. ಅನುಮಾನವಿದ್ದರೆ ಹಗುರದ್ದರಿಂದ ಶುರುಮಾಡಿ. ನಿಧಾನಕ್ಕೆ ಬೀಸಿ, ಇದು ಗ್ರ್ಯಾಫೈಟ್ ಅಲ್ಲ. ದೂರ ಎಸೆಯುವ ಹಟವಿದ್ದವರು ಬೇರೆ ರಾಡ್ ಕೊಳ್ಳಲಿ.

ಎರಡು ತುದಿಗಳಿದ್ದರೆ ಸರದಿಯಲ್ಲಿ ಬಳಸಿ. ಮೀನು ಆಡಿಸುವಾಗ ಕೋಲನ್ನು ಆಗಾಗ ಮಗುಚಿ ಹಿಡಿದರೆ ಒಂದೇ ಕಡೆಗೆ ಬಾಗುವುದಿಲ್ಲ.

ಸಂಜೆ ಒಣ ಬಟ್ಟೆಯಲ್ಲಿ ಒರೆಸಿ, ರಾತ್ರಿ ಚೀಲದ ಹೊರಗೇ ಬಿಡಿ. ಪೂರ್ತಿ ಒಣಗಿದ ಮೇಲೆ ಬಟ್ಟೆಚೀಲಕ್ಕೆ ಹಾಕಿ, ಚೀಲದ ಕುಣಿಕೆಯಿಂದ ಬೀರುವಿನಲ್ಲಿ ನೇತುಹಾಕಿ. ಗೋಡೆಗೆ ಒರಗಿಸಿಟ್ಟರೆ ಬಾಗುತ್ತದೆ. ಅಲ್ಯೂಮಿನಿಯಂ ಕೊಳವೆ ಪ್ರಯಾಣಕ್ಕೆ ಮಾತ್ರ. ಮಳೆಗಾಲದ ಮಡಿಕೇರಿಯಲ್ಲಂತೂ ಮುಚ್ಚಳ ಹಾಕಿಟ್ಟರೆ ಬೂಷ್ಟು ಖಂಡಿತ. ಬಿಸಿಲಿಗೆ ನಿಂತ ಕಾರಿನೊಳಗೆ ಒಂದು ಗಂಟೆಯೂ ಬೇಡ.

ಟ್ರೌಟಿಗೆಂದು ಮಾಡಿದ ಕೋಲನ್ನು ಮಹಶೀರ್‌ಗೆ ಒಡ್ಡಬೇಡಿ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಬರೆದ ಕಾಲದಲ್ಲೂ ಆ ಮೀನಿಗೆ ದಪ್ಪ ಕೋಲೇ ಬೇಕಿತ್ತು. ಈಗ ಕಾವೇರಿಯ ಮಹಶೀರ್ ಅಳಿವಿನಂಚಿನಲ್ಲಿದೆ, ವನ್ಯಧಾಮಗಳಲ್ಲಿ ಅನುಮತಿಯಿಲ್ಲದೆ ಗಾಳ ಹಾಕುವಂತೆಯೂ ಇಲ್ಲ.

ಕೊನೆಗೆ ಒಂದು ಚೀಟಿ ಬರೆಯಿರಿ: ಯಾರ ಕೋಲು, ಎಷ್ಟನೇ ನಂಬರಿನ ಲೈನ್, ಯಾವ ತುದಿ ರಿಪೇರಿಯಾಗಿದೆ. ಪೆನ್ಸಿಲಿನಲ್ಲೇ ಬರೆದು ಚೀಲದೊಳಗಿಡಿ. ನಿಮ್ಮ ನಂತರ ಕೋಲು ಸೇರುವವರಿಗೆ ಮೊದಲು ಬೇಕಾಗುವುದು ಇವೇ ಮೂರು ವಿಷಯ.