ಬಾಯ್ಲರ್ ಸದ್ದು ಮಾಡಿದರೆ ಏನರ್ಥ?

ನಮ್ಮ ಕಡೆ ಸ್ನಾನದ ನೀರು ಕಾಯಿಸೋಕೆ ಗೀಸರ್ ಇದ್ದರೆ ಸಾಕು. ಬ್ರಿಟನ್ನಿನ ಚಳಿಗೆ ಇಡೀ ಮನೆಯನ್ನೇ ಬೆಚ್ಚಗಿಡಬೇಕು. ಅಲ್ಲಿನ ಬಹುಪಾಲು ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ನೀರು ಕಾಯಿಸುತ್ತದೆ, ಪಂಪು ಅದನ್ನು ಕೋಣೆಗಳ ರೇಡಿಯೇಟರಿಗೆ ತಳ್ಳುತ್ತದೆ, ಆರಿದ ನೀರು ಮತ್ತೆ ಬಾಯ್ಲರಿಗೇ ಬರುತ್ತದೆ. ಮಾಸ್ಟರ್ಸ್ ಓದೋಕೆ ಅಲ್ಲಿಗೆ ಹೋಗಿ ಬಾಡಿಗೆ ಮನೆ ಹಿಡಿಯುವವರು ನಮ್ಮಲ್ಲೂ ಇದ್ದಾರೆ. ಈ ಯಂತ್ರ ಸದ್ದು ಮಾಡಿದರೆ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳೋಣ: ಸದ್ದು ಎಲ್ಲಿಂದ ಬರ್ತಿದೆ? ಯಾವಾಗ ಬರ್ತಿದೆ?

ಟಿಕ್ ಟಿಕ್: ಹೀಟಿಂಗ್ ಆನ್ ಆದಾಗ ಅಥವಾ ಆಫ್ ಆದ ಮೇಲೆ ನೆಲದಡಿಯಿಂದ ಕೇಳಿಸುತ್ತದೆ. ತಾಮ್ರದ ರೇಖೀಯ ವಿಕಾಸ ಗುಣಾಂಕ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 0.000017. 10 ಮೀಟರ್ ಕೊಳವೆ 20 ಡಿಗ್ರಿಯಿಂದ 70 ಡಿಗ್ರಿಗೆ ಬಿಸಿಯಾದರೆ 8.5 ಮಿಲಿಮೀಟರ್ ಉದ್ದವಾಗುತ್ತದೆ. ಆಗ ಅದು ಮರದ ತೊಲೆಗೆ, ಕ್ಲಿಪ್ಪಿಗೆ ಉಜ್ಜಿ ಜಾರುವ ಸದ್ದು ಇದು. ಭಯ ಬೇಡ.

ಗುಳುಗುಳು: ರೇಡಿಯೇಟರಿನಿಂದ ಬಂದರೆ ಒಳಗೆ ಗಾಳಿ ಸೇರಿರುತ್ತದೆ. ಮುಟ್ಟಿ ನೋಡಿ, ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಗಾಳಿಯೇ. ಹೀಟಿಂಗ್ ಆಫ್ ಮಾಡಿ, ಆರಿದ ಮೇಲೆ ಮೇಲ್ಮೂಲೆಯ ಸಣ್ಣ ಸ್ಕ್ರೂವನ್ನು ಅದರ ಕೀಲಿಯಿಂದ ತುಸು ಸಡಿಲಿಸಿದರೆ ಗಾಳಿ ಬುಸ್ಸೆಂದು ಹೊರಬರುತ್ತದೆ. ನೀರು ಬಂದ ಕೂಡಲೇ ಮುಚ್ಚಬೇಕು. ಆಮೇಲೆ ಪ್ರೆಷರ್ ಗೇಜ್ ನೋಡಿ: ತಣ್ಣಗಿದ್ದಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಅದರ ಬದಲು ರೇಡಿಯೇಟರಿನ ಕೆಳಭಾಗ ತಣ್ಣಗಿದ್ದರೆ ಅಲ್ಲಿ ತುಕ್ಕಿನ ಕಪ್ಪು ಕೆಸರು ಕೂತಿದೆ ಅಂತ ಲೆಕ್ಕ.

ಕೊರೆಯುವ ಚಳಿಯಲ್ಲಿ ಬಾಯ್ಲರೇ ಗುಳುಗುಳು ಅಂದು ನಿಂತುಹೋದರೆ ಕಥೆ ಬೇರೆ. ಈಗಿನ ಕಂಡೆನ್ಸಿಂಗ್ ಬಾಯ್ಲರುಗಳು ಹೊಗೆಯಲ್ಲಿನ ನೀರಾವಿಯನ್ನು ತಣಿಸಿ ಅದರ ಗುಪ್ತೋಷ್ಣವನ್ನೂ ಬಳಸಿಕೊಳ್ಳುತ್ತವೆ. ಹಾಗೆ ಉಳಿದ ನೀರು ಪ್ಲಾಸ್ಟಿಕ್ ಕೊಳವೆಯಲ್ಲಿ ಹೊರಹೋಗುತ್ತದೆ. ಮನೆಯಾಚೆಗಿನ ಭಾಗ ಹೆಪ್ಪುಗಟ್ಟಿದರೆ ನೀರು ಒಳಗೇ ನಿಲ್ಲುತ್ತದೆ. ಕೊಳವೆ ಕೈಗೆಟುಕುವಂತಿದ್ದರೆ ಬೆಚ್ಚಗಿನ ನೀರು ಸುರಿದು ಕರಗಿಸಬಹುದು. ಕುದಿಯುವ ನೀರು ಮಾತ್ರ ಬೇಡ.

ಕಾಯುವ ಕೆಟಲಿನ ಮೊರೆತ: ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ನೀರು ನಮ್ಮ ಎಷ್ಟೋ ಬೋರ್‌ವೆಲ್ ನೀರಿನಂತೆ ಗಡಸು. ಹೀಟ್ ಎಕ್ಸ್‌ಚೇಂಜರಿನೊಳಗೆ ಸುಣ್ಣದ ಪದರ ಕಟ್ಟಿದರೆ ಶಾಖ ಸರಾಗವಾಗಿ ನೀರಿಗೆ ದಾಟುವುದಿಲ್ಲ. ಲೋಹ ಅತಿಯಾಗಿ ಕಾದು, ಪಕ್ಕದ ನೀರು ಅಲ್ಲಲ್ಲೇ ಕುದಿಯುತ್ತದೆ. ಆವಿಯ ಗುಳ್ಳೆಗಳು ಸುತ್ತಲಿನ ತಣ್ಣನೆ ನೀರಲ್ಲಿ ಕುಸಿಯುವಾಗ ಈ ಸದ್ದು ಹುಟ್ಟುತ್ತದೆ. ಎಲ್ಲೋ ಸೋರುತ್ತಿದ್ದು, ಪ್ರೆಷರ್ ಇಳಿದಾಗಲೆಲ್ಲ ಹೊಸ ನೀರು ತುಂಬಿಸುತ್ತಾ ಹೋದರೆ ಹೊಸ ಸುಣ್ಣವನ್ನೂ ಆಮ್ಲಜನಕವನ್ನೂ ನಾವೇ ಒಳಗೆ ಬಿಟ್ಟಂತೆ. ಸೋರಿಕೆ ಸರಿಪಡಿಸದೆ ಬರೀ ಶುಚಿ ಮಾಡಿಸಿ ಪ್ರಯೋಜನವಿಲ್ಲ.

ಧಡ್: ಉರಿ ಹೊತ್ತುವ ಕ್ಷಣದಲ್ಲೇ ಬಂದರೆ ಗ್ಯಾಸ್ ಶೇಖರವಾಗಿ ತಡವಾಗಿ ಹೊತ್ತಿಕೊಳ್ಳುತ್ತಿರಬಹುದು. ಲೈಟರ್ ಹಚ್ಚೋದು ತಡವಾದರೆ ಅಡುಗೆ ಒಲೆ ಭಗ್ ಅನ್ನುತ್ತಲ್ಲ, ಹಾಗೆ. ತಕ್ಷಣ ಆಫ್ ಮಾಡಿ, ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರುವ ಎಂಜಿನಿಯರನ್ನೇ ಕರೆಸಬೇಕು. ನಮ್ಮ ಬಿಇ ಡಿಗ್ರಿ ನಂಬಿ ಬಾಯ್ಲರಿನ ಮುಚ್ಚಳ ಬಿಚ್ಚೋದು ಬೇಡ.

ಇಷ್ಟೆಲ್ಲ ಕಿವಿಗೊಟ್ಟರೂ ಕೇಳಿಸದ ಅಪಾಯ ಒಂದಿದೆ. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಮನೆಯೊಳಗಿದ್ದಾಗ ತಲೆನೋವು, ವಾಕರಿಕೆ ಬಂದು ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ನೆಗಡಿ-ಜ್ವರ ಅಂತ ಸುಮ್ಮನಿರಬೇಡಿ. ಕಿಟಕಿ ತೆರೆದು, ಬಾಯ್ಲರ್ ಆಫ್ ಮಾಡಿ ಹೊರಬನ್ನಿ. ಅಲ್ಲಿನ ಗ್ಯಾಸ್ ತುರ್ತು ಸಂಖ್ಯೆ 0800 111 999ಕ್ಕೆ ಕರೆ ಮಾಡಿ, ಡಾಕ್ಟರನ್ನೂ ಕಾಣಿ.

ಮನೆ ಮಾಲೀಕರು ವರ್ಷಕ್ಕೊಮ್ಮೆ ಗ್ಯಾಸ್ ಸುರಕ್ಷತಾ ತಪಾಸಣೆ ಮಾಡಿಸಿ ಬಾಡಿಗೆದಾರರಿಗೆ ಅದರ ಪ್ರತಿ ಕೊಡಬೇಕೆಂಬುದು ಅಲ್ಲಿನ ಕಾನೂನು. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ ಬಾಡಿಗೆ ಮನೆಯಲ್ಲಿ ಗ್ಯಾಸ್ ಬಾಯ್ಲರ್ ಇರುವ ಕೋಣೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಕಡ್ಡಾಯ. ಹೋಗುವವರು ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಇವೆರಡನ್ನೂ ಕೇಳಿ ನೋಡಿಕೊಳ್ಳಿ. ಇದರಲ್ಲಿ ದಾಕ್ಷಿಣ್ಯ ಬೇಡ.