ಟ್ಯಾಂಕ್ ತುಂಬಿಸುವ ಮೊದಲು ತೂಕ ಹಾಕು

ರಂಗಂಪೇಟೆಯ ಹುಡುಗರು ಈಗ ಡ್ರೋನ್ ಕೊಳ್ಳುವ ಮಾತಾಡುತ್ತಿದ್ದೀರಿ. ಒಳ್ಳೆಯದೇ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರದ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ ಹೆಚ್ಚಿದಷ್ಟೂ ಎಣ್ಣಿ, ಅಂದರೆ ಕೀಟದ ಔಷಧ, ಹೊಡೆಯುವ ಕೆಲಸವೂ ಹೆಚ್ಚಿತು. ಬೆನ್ನಿಗೆ ಪಂಪು, ಮೂಗಿಗೆ ಟವೆಲ್ಲು ಕಟ್ಟಿಕೊಂಡು ಎದೆಮಟ್ಟದ ಹತ್ತಿಯೊಳಗೆ ನಡೆಯುವ ಆಳಿನ ಪಾಡು ಕಂಡವರು ಈ ಯಂತ್ರ ಬೇಡ ಅನ್ನಲಾರರು. ಆದರೆ ನಿಮ್ಮ ಮಾತಿನಲ್ಲಿ ಬೆಲೆ ಇದೆ, ಸಬ್ಸಿಡಿ ಇದೆ, ಎಕರೆಗೆ ಎಷ್ಟು ಸಿಗುತ್ತದೆ ಎಂಬ ಲೆಕ್ಕವಿದೆ. ಭಾರದ ಮಾತೇ ಇಲ್ಲ.

ತಮ್ಮಾ, 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ಯಂತ್ರಗಳನ್ನು ವಿಂಗಡಿಸುವುದೇ ಭಾರದಿಂದ. 250 ಗ್ರಾಂವರೆಗೆ ನ್ಯಾನೋ, 2 ಕೆ.ಜಿ.ವರೆಗೆ ಮೈಕ್ರೋ. ಮದುವೆಯ ವಿಡಿಯೋ ತೆಗೆಯುವವು ಬಹುತೇಕ ಇವೇ. 25 ಕೆ.ಜಿ.ವರೆಗೆ ಸ್ಮಾಲ್, 150ರವರೆಗೆ ಮೀಡಿಯಂ, ಅದರಾಚೆ ಲಾರ್ಜ್. ಹತ್ತು ಲೀಟರಿನ ಕೃಷಿ ಡ್ರೋನುಗಳನ್ನು ಸಾಮಾನ್ಯವಾಗಿ 25ರ ಗೆರೆಯೊಳಗೆ ಕೂರುವಂತೆ ಕಟ್ಟಿರುತ್ತಾರೆ. ಈ 25 ಖಾಲಿ ಯಂತ್ರದ ತೂಕವಲ್ಲ. ಬ್ಯಾಟರಿ, ಟ್ಯಾಂಕು, ಒಳಗಿನ ಔಷಧ ಎಲ್ಲ ಸೇರಿದ ಭಾರ. ಎರಡು ಹಂಗಾಮು ದುಡಿದ ಮೇಲೆ ದೊಡ್ಡ ಟ್ಯಾಂಕು ಕಟ್ಟಿಸುವ ಆಸೆ ಹುಟ್ಟುತ್ತದೆ, ಊರಲ್ಲಿ ವೆಲ್ಡಿಂಗ್ ಮಾಡಿಕೊಡುವವರೂ ಸಿಗುತ್ತಾರೆ. ಅಲ್ಲಿಗೆ ನಿನ್ನ ಯಂತ್ರ ಟೈಪ್ ಸರ್ಟಿಫಿಕೇಟ್, ಅಂದರೆ ಆ ಮಾದರಿಯನ್ನು ಪರೀಕ್ಷಿಸಿ ಕೊಡುವ ಒಪ್ಪಿಗೆ ಪತ್ರ, ಪಡೆದ ಯಂತ್ರವಾಗಿ ಉಳಿಯುವುದಿಲ್ಲ. 25 ದಾಟಿತೋ, ಸ್ಮಾಲ್ ವರ್ಗಕ್ಕೆಂದು ನೀನು ಪಡೆದ ಪೈಲಟ್ ಪ್ರಮಾಣಪತ್ರವೂ ಕೆಲಸಕ್ಕೆ ಬಾರದು. ಪರರ ನಷ್ಟಕ್ಕೆ ಮಾಡಿಸಿದ ವಿಮೆಯವರಿಗೆ ಕೈ ಎತ್ತಲು ಅಷ್ಟು ಸಾಕು.

ಹಗುರ ವಿಮಾನದವರು ಈ ಪಾಠವನ್ನು ನಮಗಿಂತ ಮೊದಲೇ ಓದಿದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿ ಹಾರುವ ಎರಡು ಸೀಟಿನ ಮೈಕ್ರೋಲೈಟ್ ನೋಡಿದ್ದರೆ ನಿನಗೆ ಗೊತ್ತು, ಮೋಟರ್ ಸೈಕಲ್ಲಿಗೆ ರೆಕ್ಕೆ ಕಟ್ಟಿದ ಹಾಗಿರುತ್ತದೆ. ಅಮೆರಿಕದ 1982ರ ನಿಯಮದಂತೆ ಖಾಲಿ ತೂಕ 254 ಪೌಂಡಿಗಿಂತ, ಅಂದರೆ ಸುಮಾರು 115 ಕೆ.ಜಿ.ಗಿಂತ ಕಡಿಮೆಯಿದ್ದು ಒಬ್ಬನೇ ಕೂರುವಂತಿದ್ದರೆ ಲೈಸನ್ಸೇ ಬೇಡ. ಯುರೋಪಿನವರು ಹಾಗಲ್ಲ, ಒಟ್ಟು ಭಾರ ಹಿಡಿದರು: ಇಬ್ಬರು ಕೂರುವುದಕ್ಕೆ ಬಹುಕಾಲ 450 ಕೆ.ಜಿ. ಮಿತಿ. ಬರಬರುತ್ತಾ ವಿಮಾನಗಳೇ ದಪ್ಪವಾದವು. ಇಬ್ಬರು ಗಟ್ಟಿ ಆಳು ಕೂತರೆ ಪೆಟ್ರೋಲಿಗೆ ಜಾಗವಿಲ್ಲ. ಪೆಟ್ರೋಲ್ ತುಂಬಿಸಿದರೆ ಒಬ್ಬ ಇಳಿಯಬೇಕು. ಕಾಗದದಲ್ಲಿ 450, ತಕ್ಕಡಿಯಲ್ಲಿ ಬೇರೆ. ಕೊನೆಗೆ 2018ರ ಕಾನೂನು 600ರವರೆಗೆ ಏರಿಸಲು ಅಲ್ಲಿನ ದೇಶಗಳಿಗೆ ಅವಕಾಶ ಕೊಟ್ಟಿತು. ಗಡಿ ಕಿರಿದೆನಿಸಿದರೆ ಕೇಳಿ ಬದಲಿಸಬಹುದು. ಹೊಲದಲ್ಲಿ ನಿಂತು ನಾವೇ ಬದಲಿಸಲು ಬರುವುದಿಲ್ಲ.

ಸರ್ಕಾರದ ಹೆದರಿಕೆ ಬಿಡು, ಗಾಳಿಯ ಲೆಕ್ಕ ಕೇಳು. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. 15 ಡಿಗ್ರಿಯ ಗಾಳಿಗಿಂತ ನಮ್ಮ ಏಪ್ರಿಲ್‌ನ 42 ಡಿಗ್ರಿಯ ಗಾಳಿ ಶೇ. 8ಕ್ಕೂ ಹೆಚ್ಚು ತೆಳು. ಅದೇ ಭಾರ ಎತ್ತಲು ರೆಕ್ಕೆ ಇನ್ನೂ ಜೋರಾಗಿ ತಿರುಗಬೇಕು, ಮೋಟರ್ ಕಾಯುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಡಿಸೆಂಬರ್ ಬೆಳಿಗ್ಗೆ ಸಲೀಸಾಗಿ ಎದ್ದ ಹೊರೆ ಬೇಸಿಗೆಯ ಮಧ್ಯಾಹ್ನ ಏಳಲು ತಿಣುಕುವುದು ಇದಕ್ಕೇ. ಅರ್ಧ ಖಾಲಿಯಾದ ಟ್ಯಾಂಕಿನದು ಇನ್ನೊಂದು ತರಲೆ: ತಿರುವಿನಲ್ಲಿ ಔಷಧ ಒಂದು ಬದಿಗೆ ಹೊಯ್ದಾಡಿ ಯಂತ್ರವನ್ನು ವಾಲಿಸುತ್ತದೆ. 25 ಕೆ.ಜಿ.ಯ ಯಂತ್ರ ಬರೀ ಹತ್ತು ಮೀಟರ್ ಎತ್ತರದಿಂದ ಬಿದ್ದರೂ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 50 ಕಿ.ಮೀ. ಕೆಳಗೆ ಕಳೆ ತೆಗೆಯುವ ಹೆಣ್ಣುಮಗಳಿದ್ದರೆ? ಎಣ್ಣಿ ಹೊಡೆಯುವಾಗ ಹೊಲದಲ್ಲಿ ಯಾರೂ ಇರಬಾರದು ಎಂದು ನಾನು ಹಟ ಹಿಡಿಯುವುದು ವಿಷಕ್ಕಷ್ಟೇ ಹೆದರಿ ಅಲ್ಲ.

ತರಬೇತಿಗೆ ಹತ್ತನೇ ತರಗತಿ ಪಾಸಾಗಿ 18 ತುಂಬಿದ್ದರೆ ಸಾಕು. ದೊಡ್ಡ ಓದೇನೂ ಬೇಡ. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಮಾರುವವನ ಹತ್ತಿರ ಎರಡು ಕೇಳು: ಟೈಪ್ ಸರ್ಟಿಫಿಕೇಟಿನ ಪ್ರತಿ, ಮತ್ತು ಅದರಲ್ಲಿ ಬರೆದ ಗರಿಷ್ಠ ಒಟ್ಟು ಭಾರ. ಆಮೇಲೆ ಬ್ಯಾಟರಿ ಹಾಕಿಸಿ, ಟ್ಯಾಂಕಿಗೆ ನೀರು ತುಂಬಿಸಿ, ಅವನ ಕಣ್ಣೆದುರಿಗೇ ಹತ್ತಿ ತೂಗುವ ಕಾಟಾದ ಮೇಲಿಡು. ಕಾಗದದ ಅಂಕಿ, ಕಾಟಾದ ಅಂಕಿ ತಾಳೆಯಾಗದಿದ್ದರೆ ಆ ಯಂತ್ರ ಕೊಳ್ಳಬೇಡ.